ಟ್ರಿಪಲ್ ನೆಗೆಟಿವ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ

ಪ್ರಶ್ನೆ: ಅಕ್ಕನಿಗೆ 58 ವರ್ಷ. ಮೊಲೆತೊಟ್ಟಿನ ಹಿಂದೆ 2 ಸೆಂ.ಮೀ. ಗಂಟು. ಸೂಜಿ ಬಯಾಪ್ಸಿ ರಿಪೋರ್ಟಿನಲ್ಲಿ ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ, ಇಆರ್, ಪಿಆರ್, ಹರ್2 ನೆಗೆಟಿವ್, ಸಿಡಿ117, ಪಿ63 ಪಾಸಿಟಿವ್’ ಎಂದಿದೆ. ಟ್ರಿಪಲ್ ನೆಗೆಟಿವ್ ಬಹಳ ಅಪಾಯ ಅನ್ನುತ್ತಾರೆ. ಮನೆಯವರೆಲ್ಲ ಕಂಗಾಲಾಗಿದ್ದೇವೆ.
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಗಡ್ಡೆಯ ಹೆಸರು ನೋಡಿ, ಆಮೇಲೆ ಆ ಮೂರು ನೆಗೆಟಿವ್. ಇಆರ್, ಪಿಆರ್ ಎಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳು, ಹರ್2 ಒಂದು ಪ್ರೋಟೀನ್; ಮೂರೂ ನೆಗೆಟಿವ್ ಬಂದರೆ ಟ್ರಿಪಲ್ ನೆಗೆಟಿವ್. ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ಹೆಚ್ಚಿನವು ಬೇಗ ಬೆಳೆಯುತ್ತವೆ, ನಿಜ. ಆದರೆ ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕಿಂತ ಕಡಿಮೆ ಕಾಣುವ ಈ ಬಗೆ, ಅದರ ಸಾಮಾನ್ಯ ರೂಪದಲ್ಲಿ, ನಿಧಾನವಾಗಿ ಬೆಳೆಯುವಂಥದ್ದು. ಕಂಕುಳಿನ ಗ್ರಂಥಿಗಳಿಗೆ ಹರಡುವುದು ಅಪರೂಪ. ಲಾಲಾಗ್ರಂಥಿಯಲ್ಲಿ ಬರುವ ಇದೇ ಹೆಸರಿನ ಗಡ್ಡೆ ಬಹಳ ಹಠಮಾರಿ. ಅದರ ಬಗ್ಗೆ ಓದಿ ಹೆದರಬೇಡಿ.

ಸೂಕ್ಷ್ಮದರ್ಶಕದಲ್ಲಿ ಇದರ ಕೋಶಗುಂಪುಗಳು ಜರಡಿಯಂತೆ ತೂತುತೂತಾಗಿರುತ್ತವೆ. ತೂತುಗಳಲ್ಲಿ ಎರಡು ಬಗೆ. ಸಣ್ಣವು ನಿಜವಾದ ಗ್ರಂಥಿಯ ಪೊಳ್ಳುಗಳು. ಅವುಗಳ ಅಂಚಿನ ಕೋಶಗಳು ಸಿಡಿ117 ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಹಿಡಿಯುತ್ತವೆ. ದೊಡ್ಡವು ಹುಸಿ ಪೊಳ್ಳುಗಳು: ಒಳಗೆ ತಳಪೊರೆಯ ವಸ್ತು, ಸುತ್ತ ಪಿ63 ಎಂಬ ಇನ್ನೊಂದು ಪ್ರೋಟೀನಿನ ಬಣ್ಣ ಹಿಡಿಯುವ ಮಯೋಎಪಿಥೀಲಿಯಲ್ ಕೋಶಗಳು (ಗ್ರಂಥಿಯ ಹೊರಪದರದ ಬಗೆಯವು). ಈ ಜೋಡಿಯೇ ಗುರುತು. ಬಯಾಪ್ಸಿಯಲ್ಲಿ ಚೂರು ಅಂಗಾಂಶ ಮಾತ್ರ ಬಂದಾಗ ಎಡವುವುದೂ ಇಲ್ಲೇ. ಕ್ರಿಬ್ರಿಫಾರ್ಮ್ ಕಾರ್ಸಿನೋಮ ಕೂಡ ಜರಡಿಯಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಇಆರ್ ಗಾಢವಾಗಿ ಪಾಸಿಟಿವ್, ಪಿ63 ಇರುವುದಿಲ್ಲ. ಕೊಲಾಜಿನಸ್ ಸ್ಫೆರುಲೋಸಿಸ್ ಎಂಬ, ಕ್ಯಾನ್ಸರೇ ಅಲ್ಲದ ಬದಲಾವಣೆಯೂ ಕಣ್ಣು ತಪ್ಪಿಸುತ್ತದೆ. ಹಾಗಾಗಿ ಸ್ಲೈಡುಗಳ ಜೊತೆ ಪ್ಯಾರಾಫಿನ್ ಬ್ಲಾಕನ್ನೂ (ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ತುಂಡು) ಪಡೆದು, ಸ್ತನ ರೋಗಗಳಲ್ಲಿ ಪಳಗಿದ ಪೆಥಾಲಜಿಸ್ಟ್ ಒಬ್ಬರಿಗೆ ತೋರಿಸಿ. ಬರೀ ರಿಪೋರ್ಟಿನ ಫೋಟೊ ಸಾಲದು. ಸಂಶಯ ಉಳಿದರೆ ಎಂವೈಬಿ ಜೀನ್ ಪರೀಕ್ಷೆ ಇದೆ. ಪಾಸಿಟಿವ್ ಬಂದರೆ ನಿರ್ಣಯ ಗಟ್ಟಿಯಾಗುತ್ತದೆ, ಬಾರದಿದ್ದರೆ ಕಾಯಿಲೆ ಇದಲ್ಲ ಎನ್ನಲಾಗದು.

ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ತೆಗೆದ ಭಾಗ ಒಂದು ಗಂಟೆಯೊಳಗೆ, ಅಂಗಾಂಶ ಕೆಡದಂತೆ ಕಾಪಾಡುವ ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ದ್ರವಕ್ಕೆ ಬೀಳಬೇಕು. ದ್ರವ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು, ನೆನೆಯುವ ಅವಧಿ 6ರಿಂದ 72 ಗಂಟೆ. ಇದು ಕೆಟ್ಟರೆ ಇಆರ್ ಸುಳ್ಳೇ ನೆಗೆಟಿವ್ ಬರಬಹುದು.

ಆಪರೇಷನ್ ನಂತರದ ರಿಪೋರ್ಟಿನಲ್ಲಿ ಅಂಚುಗಳಲ್ಲಿ ಗಡ್ಡೆ ಉಳಿದಿಲ್ಲವೇ, ನರದ ಸುತ್ತ ಹಬ್ಬಿದೆಯೇ, ‘ಸಾಲಿಡ್ ಬೇಸಲಾಯ್ಡ್’ ಭಾಗವಿದೆಯೇ ಎಂದು ಕೇಳಿ. ಕೊನೆಯದೇ ಹೆಚ್ಚು ಮುಖ್ಯ: ತೂತುಗಳಿಲ್ಲದೆ ಕೋಶಗಳು ಒತ್ತಾಗಿ ತುಂಬಿದ ಆ ರೂಪ ಗ್ರಂಥಿಗಳಿಗೂ ದೂರದ ಅಂಗಗಳಿಗೂ ಹರಡಬಲ್ಲದು. ಅದಿಲ್ಲದೆ ಕಂಕುಳಿನ ಗ್ರಂಥಿಗಳೂ ಸ್ವಚ್ಛವಾಗಿದ್ದರೆ ಕೀಮೋ ಬೇಕೇ ಎಂದು ಆಂಕಾಲಜಿಸ್ಟರನ್ನು ನೇರವಾಗಿ ಕೇಳಿ. ಎಷ್ಟೋ ಬಾರಿ ಬೇಕಾಗುವುದಿಲ್ಲ.