ಉ: ಆರ್‌ಸಿಯು ಲಾಕ್ ಇದ್ದರೂ ರೆಫ್‌ಕೌಂಟ್ ವಾರ್ನಿಂಗ್ ಯಾಕೆ?

ಲಿನಕ್ಸ್ ಕರ್ನಲ್‌ನಲ್ಲಿ ಆರ್‌ಸಿಯು (ಓದುತ್ತಿರುವವರು ಮುಗಿಸುವವರೆಗೆ ಹಳೆಯ ಮೆಮೊರಿಯನ್ನು ಫ್ರೀ ಮಾಡದೆ ಕಾಯುವ ವ್ಯವಸ್ಥೆ) ರೀಡ್ ಲಾಕ್ ಹಿಡಿದೇ ಲಿಸ್ಟ್‌ನಲ್ಲಿ ಹುಡುಕಿದರೂ, ರೆಫ್‌ಕೌಂಟ್_ಇಂಕ್ (ಆಬ್ಜೆಕ್ಟ್ ಬಳಸುವವರ ಕೌಂಟನ್ನು ಒಂದು ಏರಿಸುವ ಫಂಕ್ಷನ್) ‘ಸೊನ್ನೆಗೆ ಕೂಡಿಸುತ್ತಿದ್ದೀಯ’ ಅಂತ ಯಾಕೆ ಬೈಯುತ್ತದೆ ಎಂದು ಕೇಳಿದ್ದೀರಿ. ಆ ಲಾಕ್ ಕೌಂಟನ್ನು ಕಾಯುವುದೇ ಇಲ್ಲ. ನೀವು ಪಾಯಿಂಟರ್ ಓದಿ ಕೌಂಟ್ ಏರಿಸುವಷ್ಟರಲ್ಲಿ ಇನ್ನೊಂದು ಸಿಪಿಯು ಕೊನೆಯ ಪುಟ್ (ಕೌಂಟ್ ಇಳಿಸುವ ಕರೆ) ಮುಗಿಸಿರುತ್ತದೆ. ಆಬ್ಜೆಕ್ಟ್ ಸತ್ತಿದೆ, ಲಿಸ್ಟ್‌ನಲ್ಲಿ ಇನ್ನೂ ಕಾಣುತ್ತಿದೆ. ಅಲ್ಲಿ ಕೌಂಟ್ ಸೊನ್ನೆಯಲ್ಲದಿದ್ದರೆ ಮಾತ್ರ ಏರಿಸುವ ರೆಫ್‌ಕೌಂಟ್_ಇಂಕ್_ನಾಟ್_ಝೀರೋ ಹಾಕಿ. ಫಾಲ್ಸ್ ಬಂದರೆ ಸಿಗಲೇ ಇಲ್ಲ ಅಂದುಕೊಳ್ಳಿ.

ಕೌಂಟ್ ಸೊನ್ನೆಯಾದಾಗ ಲಿಸ್ಟ್‌ನ ಸ್ಪಿನ್‌ಲಾಕ್ ಹಿಡಿದು ಲಿಸ್ಟ್_ಡೆಲ್_ಆರ್‌ಸಿಯು (ಲಿಸ್ಟ್‌ನಿಂದ ತೆಗೆಯಲು), ಆಮೇಲೆ ಕೆಫ್ರೀ_ಆರ್‌ಸಿಯು (ಓದುತ್ತಿರುವವರು ಮುಗಿಸಿದ ಮೇಲೆ ಫ್ರೀ ಮಾಡಲು) ಕರೆಯಿರಿ. ಕಾಯದೆ ಫ್ರೀ ಮಾಡುವ ಬರೀ ಕೆಫ್ರೀ ಇದ್ದರೆ ಮೇಲಿನ ತಿದ್ದುಪಡಿಯೂ ಫ್ರೀ ಆದ ಮೆಮೊರಿಯನ್ನೇ ಓದುತ್ತದೆ. ಆಬ್ಜೆಕ್ಟ್ ಸ್ಲ್ಯಾಬ್_ಟೈಪ್‌ಸೇಫ್_ಬೈ_ಆರ್‌ಸಿಯು ಕ್ಯಾಶ್‌ನಿಂದ (ಫ್ರೀ ಆದ ಜಾಗವನ್ನು ಕಾಯದೆ ಅದೇ ಬಗೆಯ ಆಬ್ಜೆಕ್ಟ್‌ಗೆ ಮರುಬಳಸಬಹುದಾದ ಮೆಮೊರಿ ಸಂಗ್ರಹ) ಬಂದದ್ದಾದರೆ ಕೌಂಟ್ ಸಿಕ್ಕ ಮೇಲೆ ಕೀ ಮತ್ತೊಮ್ಮೆ ಹೋಲಿಸಿ. ಅದೇ ಜಾಗದಲ್ಲಿ ಬೇರೆ ಆಬ್ಜೆಕ್ಟ್ ಬಂದು ಕೂತಿರಬಹುದು.

ವಾರ್ನಿಂಗ್ ಅಡಗಿಸಲು ಇಂಥ ತಪಾಸಣೆ ಇಲ್ಲದ ಅಟಾಮಿಕ್_ಟಿ ಕೌಂಟರ್‌ಗೆ ಮರಳುವ ಯೋಚನೆ ಬಿಡಿ. ಇಂಥವನ್ನು ಹಿಡಿಯಲೆಂದೇ 2017ರಲ್ಲಿ, ಕರ್ನಲ್ 4.11ರಲ್ಲಿ, ರೆಫ್‌ಕೌಂಟ್_ಟಿ ಎಂಬ ಕೌಂಟರ್ ಬಂದದ್ದು. ಕೆಎಎಸ್‌ಎಎನ್ (ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿ ಓಡಿಸಿದರೆ ಫ್ರೀ ಮಾಡಿದ್ದು ಯಾರು ಅನ್ನೋದೂ ಗೊತ್ತಾಗುತ್ತದೆ.