ಕೇದರ ಹಿಡಿದರೆ ದುಡ್ಡಾಗುತ್ತದಾ?

ಪ್ರಶ್ನೆ: ನಾವು ಕುಮಟಾ ಕಡೆಯವರು, ವಾಸ್ಕೋದಲ್ಲಿದ್ದೇವೆ. ಭಾವನ ಹತ್ತಿರ ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ಫೈಬರ್ ದೋಣಿ ಇದೆ. ಜಪಾನಿನಲ್ಲಿ ಒಂದು ಟ್ಯೂನಾ ಕೋಟಿಗಟ್ಟಲೆಗೆ ಹೋದ ವಿಡಿಯೋ ನೋಡಿದಾಗಿನಿಂದ ಬಂಗುಡೆ ಬಿಟ್ಟು ಕೇದರಕ್ಕೇ (ನಮ್ಮ ಕಡೆ ಟ್ಯೂನಾಕ್ಕೆ ಅನ್ನುವ ಹೆಸರು) ಹೋಗುತ್ತೇನೆ, ಸಾಲ ಮಾಡಿ ದೊಡ್ಡ ಬಲೆ ತರುತ್ತೇನೆ ಅನ್ನುತ್ತಿದ್ದಾರೆ. ಅಕ್ಕನಿಗೆ ಹೆದರಿಕೆ. ಏನು ಹೇಳಲಿ?
— ಓದುಗರೊಬ್ಬರು, ವಾಸ್ಕೋ

ಉತ್ತರ: ಸಾಲ ಬೇಡ ಅನ್ನಿ, ಮೊದಲು ಅದು. ಆ ವಿಡಿಯೋ 2019ರ ಜನವರಿಯದ್ದಿರಬೇಕು. ಟೋಕಿಯೋದಲ್ಲಿ ಹೊಸ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋದ ಒಂದು ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಅದು ಬ್ಲೂಫಿನ್ ಅನ್ನುವ ಟ್ಯೂನಾ ಜಾತಿ, ಅದೂ ಹೆಸರಿಗಾಗಿ ಕೊಟ್ಟ ಬೆಲೆ. ನಮ್ಮ ಕರಾವಳಿಯ ಹತ್ತಿರ ಬರುವ ಕೇದರ, ಮುಂಬೈ ಕಡೆಯವರು ಕುಪ್ಪಾ ಅನ್ನುವುದು, ಬೇರೆ ಜಾತಿ. ಯೆಲ್ಲೋಫಿನ್ ಅನ್ನುವ ದೊಡ್ಡ ಟ್ಯೂನಾ ಬೇಕೆಂದರೆ ಆಳ ಸಮುದ್ರಕ್ಕೆ ಹೋಗಬೇಕು, ಸಣ್ಣ ದೋಣಿಗೆ ಅದು ಅಪಾಯ, ಮತ್ತೆ ಹಿಡಿದದ್ದರ ದುಡ್ಡೆಲ್ಲ ದೋಣಿಗೆ ಹಾಕುವ ಎಣ್ಣೆಗೇ ಹೋಗುತ್ತದೆ.

ಆದರೆ ಕೇದರದಲ್ಲಿ ದುಡ್ಡೇ ಇಲ್ಲ ಅಂತಲ್ಲ. ಅದು ಕೈಬಿಟ್ಟು ಹೋಗುವುದು ದೋಣಿಯಲ್ಲೇ. ಮುಂಬೈಯ ಸಾಸೂನ್ ಡಾಕ್‌ನಲ್ಲಿ ಬೆಳಗಿನ ಜಾವ ನಿಂತು ನೋಡಿದ್ದೇನೆ: ಹೊರಗಿನಿಂದ ಮಿರಮಿರ ಮಿಂಚುವ ಕುಪ್ಪಾ, ಕೊಯ್ದರೆ ಬೆನ್ನುಮೂಳೆಯ ಪಕ್ಕ ಕಂದು ತಿರುಗಿ ಮೆತ್ತಗಾಗಿರುತ್ತದೆ. ವ್ಯಾಪಾರಿ ಹೆಬ್ಬೆರಳಲ್ಲಿ ಒಮ್ಮೆ ಒತ್ತಿ ಪಕ್ಕಕ್ಕೆ ತಳ್ಳುತ್ತಾನೆ. ಟ್ಯೂನಾ ಜಾತಿಯ ಮೀನಿನ ಮೈ ನೀರಿಗಿಂತ ಬಿಸಿ, ಸತ್ತ ಮೇಲೂ ಬೇಗ ತಣಿಯುವುದಿಲ್ಲ. ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಿಷದಂಥ ವಸ್ತು ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಹಾಗಾಗಿ ಹಿಡಿದ ಕೂಡಲೇ ರಕ್ತ ಬಸಿದು, ಕಿವಿರು ಮತ್ತು ಹೊಟ್ಟೆಯೊಳಗಿನದ್ದು ತೆಗೆದು, ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಲೆಕ್ಕದಲ್ಲಿ ಮುಚ್ಚಿಡಬೇಕು. ಬಲೆಗೆ ಸಾಲ ಮಾಡುವ ಬದಲು ಒಳ್ಳೆ ಐಸ್ ಪೆಟ್ಟಿಗೆ ತರಲಿ ಅನ್ನುವುದು ಅದಕ್ಕೇ.

ಬಲೆಯ ಬಗ್ಗೆ ನನಗೆ ಇನ್ನೂ ಒಂದು ಸಂಕಟ ಇದೆ. ತೇಲುಬಲೆಗೆ ಕೇದರದ ಜೊತೆ ಡಾಲ್ಫಿನ್, ಆಮೆಗಳೂ ಸಿಕ್ಕಿ ಸಾಯುತ್ತವೆ. ಲಕ್ಷದ್ವೀಪದ ಮಿನಿಕಾಯ್‌ನವರನ್ನು ನೋಡಿ, ಜೀವಂತ ಸಣ್ಣ ಮೀನು ಚೆಲ್ಲಿ, ನೀರು ಚಿಮುಕಿಸಿ, ಮುಳ್ಳಿಲ್ಲದ ಗಾಳದಲ್ಲಿ ಟ್ಯೂನಾವನ್ನು ಒಂದೊಂದಾಗಿ ಎತ್ತಿ ಹಾಕುತ್ತಾರೆ. ಬೇಡದ ಮೀನು ಬರುವುದು ತೀರಾ ಕಡಿಮೆ. ಮಾರಿ ಮಿಕ್ಕಿದ್ದನ್ನು ಬೇಯಿಸಿ, ಹೊಗೆ ಹಾಕಿ ಒಣಗಿಸಿ ಮಾಸ್‌ಮೀನ್ ಮಾಡುತ್ತಾರೆ. ಅದು ತಿಂಗಳುಗಟ್ಟಲೆ ಇರುತ್ತದೆ, ಆ ದಿನದ ರೇಟಿಗೆ ಕೈಮುಗಿದು ಕೊಡಬೇಕಾಗಿಲ್ಲ. ಹಿಂದೂ ಮಹಾಸಾಗರದಲ್ಲಿ ಯೆಲ್ಲೋಫಿನ್ ಅತಿಯಾಗಿ ಹಿಡಿದಾಗಿದೆ ಅಂತ 2015ರಲ್ಲಿ ವಿಜ್ಞಾನಿಗಳು ಹೇಳಿದ ಮೇಲೆ, ಮರುವರ್ಷ ದೇಶಗಳು ಮಿತಿ ಹಾಕಲು ಒಪ್ಪಬೇಕಾಯಿತು. ಸಮುದ್ರ ದೊಡ್ಡದು, ಎಷ್ಟು ಹಿಡಿದರೂ ಮುಗಿಯಲ್ಲ ಅನ್ನುವ ಮಾತನ್ನು ಭಾವ ನಂಬದಿರಲಿ.

ಬಂಗುಡೆಯನ್ನೂ ಬಿಡುವುದು ಬೇಡ. ಕೇದರ ವರ್ಷವಿಡೀ ಒಂದೇ ಥರ ಸಿಗಲ್ಲ. ಒಂದು ಸೀಸನ್ ಗಾಳ ಮತ್ತು ಐಸ್ ಇಟ್ಟುಕೊಂಡು ಎರಡನ್ನೂ ಮಾಡಲಿ. ಎಣ್ಣೆ, ಐಸ್, ಆಳುಗಳ ಪಾಲು, ಸಿಕ್ಕ ರೇಟು, ಎಲ್ಲವನ್ನೂ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಲಿ. ಬಲೆಯ ಮಾತು ಆಮೇಲೆ, ಆ ನೋಟ್‌ಬುಕ್ ಮುಂದಿಟ್ಟುಕೊಂಡು.