ಒಂದು ಇನ್ನೊಂದನ್ನು ಮುಟ್ಟದಿದ್ದರೂ ಅವು ಸ್ವತಂತ್ರ ಆಗಿರಬೇಕೆಂದಿಲ್ಲ

"ಒಂದು ಘಟನೆ ಇನ್ನೊಂದರ ಮೇಲೆ ಪರಿಣಾಮ ಬೀರದಿದ್ದರೆ ಎರಡೂ ಸ್ವತಂತ್ರ, ಎರಡರ ಸಂಭವನೀಯತೆಗಳನ್ನು ಗುಣಿಸಿಬಿಡಬಹುದು. ಇಷ್ಟು ನೆನಪಿಟ್ಟರೆ ಸಾಕಾ?" ಅಂತ ಕೇಳಿದ್ದೀರಿ. ಸಾಲದು. ನಾನು ಅಷ್ಟನ್ನೇ ನೆನಪಿಟ್ಟುಕೊಂಡು ಮೂರು ವರ್ಷದ ಕೆಲಸ ಕಳೆದುಕೊಂಡೆ.

ಆಗ ಸಂಶೋಧನೆ ಮಾಡುತ್ತಿದ್ದೆ. ಅಳತೆಗಳೆಲ್ಲ ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಅದರ ನಕಲು ಇನ್ನೊಂದರಲ್ಲಿ. ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭವನೀಯತೆ 100ಕ್ಕೆ 5 ಅಂತ ಅಂದಾಜು ಮಾಡಿಕೊಂಡೆ, ಅಂದರೆ 20ರಲ್ಲಿ 1. ಎರಡೂ ಕೆಡುವುದು? 20 ಗುಣಿಸು 20, 400ರಲ್ಲಿ 1. ಒಂದು ಡಿಸ್ಕ್ ಹೋಗಿ ಇನ್ನೊಂದನ್ನು ಕೆಡಿಸುವುದಿಲ್ಲ, ಅಲ್ವಾ? ಹಾಗಾಗಿ ಸ್ವತಂತ್ರ ಅಂತ ತೀರ್ಮಾನಿಸಿದೆ. ಒಂದು ರಾತ್ರಿ ಕರೆಂಟ್ ವೋಲ್ಟೇಜ್ ಏಕಾಏಕಿ ಜಾಸ್ತಿಯಾಯಿತು. ಬೆಳಿಗ್ಗೆ ನೋಡಿದರೆ ಎರಡೂ ಸುಟ್ಟಿದ್ದವು.

ಎರಡೂ ಒಂದೇ ಕಂಪ್ಯೂಟರಿನೊಳಗೆ, ಒಂದೇ ಪವರ್ ಸಪ್ಲೈಗೆ ಸಿಕ್ಕಿಸಿದ್ದವು. ನನ್ನ ತಪ್ಪು ಇಲ್ಲಿದೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಎರಡೂ ಕೆಡುವ ಸಂಭವನೀಯತೆ ಬೇಕಾದರೆ, ಮೊದಲನೆಯದು ಕೆಡುವ ಸಂಭವನೀಯತೆಯನ್ನು "ಮೊದಲನೆಯದು ಕೆಟ್ಟಿದೆ ಅಂತ ಗೊತ್ತಾದ ಮೇಲೆ ಎರಡನೆಯದು ಕೆಡುವ" ಸಂಭವನೀಯತೆಯಿಂದ ಗುಣಿಸಬೇಕು. ನಾನು ಆ ಎರಡನೇ ಜಾಗದಲ್ಲೂ ಸುಮ್ನೆ 20ರಲ್ಲಿ 1 ಅಂತ ಹಾಕಿದ್ದೆ. ಆ 100ಕ್ಕೆ 5ರಲ್ಲಿ 2 ಪಾಲು ಕರೆಂಟಿನಿಂದ ಬರುವ ಹಾನಿ, ಅದು ಬಂದರೆ ಎರಡನ್ನೂ ಸುಡುತ್ತದೆ ಅಂತ ಇಟ್ಟುಕೊಳ್ಳಿ. ಆಗ ಎರಡೂ ಹೋಗುವ ಸಂಭವನೀಯತೆ 100ಕ್ಕೆ ಕನಿಷ್ಠ 2, ಅಂದರೆ 50ರಲ್ಲಿ 1. ನನ್ನ 400 ಎಲ್ಲಿ, ಈ 50 ಎಲ್ಲಿ! ಒಂದು ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ಇನ್ನೊಂದರ ಅಪಾಯ 100ಕ್ಕೆ 5ರಿಂದ 40ರ ಮೇಲಕ್ಕೆ ಏರುತ್ತದೆ. ಡಿಸ್ಕ್‌ಗಳು ಒಂದನ್ನೊಂದು ಮುಟ್ಟಲೇ ಇಲ್ಲ. ಎರಡಕ್ಕೂ ಕಾರಣ ಒಂದೇ ಆಗಿತ್ತು, ಅಷ್ಟೇ.

ಅದಕ್ಕೇ "ಪರಿಣಾಮ" ಅನ್ನುವ ಪದವನ್ನು ಬಿಟ್ಟುಬಿಡಿ ಅನ್ನುತ್ತೇನೆ. ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಅದೇ. ಒಂದರ ಸುದ್ದಿ ತಿಳಿದರೆ ಇನ್ನೊಂದರ ಬಗ್ಗೆ ನನ್ನ ಅಂದಾಜು ಬದಲಾಗುತ್ತದಾ? ಕೇಳಬೇಕಾದದ್ದು ಇಷ್ಟೇ. ಬದಲಾದರೆ ಅವು ಅವಲಂಬಿತ.

ಇಸ್ಪೀಟಿನ ಲೆಕ್ಕ ಇದರ ಮುಂದೆ ಸುಲಭ. 52 ಎಲೆಗಳಿಂದ ಎರಡು ಎಲೆ ತೆಗೆದಾಗ ಎರಡೂ ಎಕ್ಕ ಆಗುವುದು, ಮೊದಲ ಎಲೆ ವಾಪಸ್ ಇಟ್ಟು ಕಲಸಿದರೆ 169ರಲ್ಲಿ 1, ಇಡದಿದ್ದರೆ 221ರಲ್ಲಿ 1. ಅಲ್ಲಿ ಅವಲಂಬನೆ ಕಣ್ಣಿಗೇ ಕಾಣುತ್ತದೆ. ಜೀವನದಲ್ಲಿ ಕಾಣುವುದಿಲ್ಲ.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ ಓದಿದಾಗ ನನಗೆ ಮೈ ನಡುಗಿತು. ಎರಡು ಹಸುಗೂಸು ತೀರಿಕೊಂಡವು, ತಾಯಿಯ ಮೇಲೆ ಕೊಲೆ ಆರೋಪ ಬಂತು. ಆಕೆಯ ಮನೆಯಂಥ ಮನೆಯಲ್ಲಿ ಒಂದು ಕೂಸು ಕಾರಣ ತಿಳಿಯದೆ ಹಠಾತ್ತಾಗಿ ಸಾಯುವುದು 8543ರಲ್ಲಿ 1, ಹಾಗಾದರೆ ಎರಡು ಸಾಯುವುದು ಸುಮಾರು 7.3 ಕೋಟಿಯಲ್ಲಿ 1 ಅಂತ ತಜ್ಞ ವೈದ್ಯರೊಬ್ಬರು 1999ರಲ್ಲಿ ಕೋರ್ಟಿನಲ್ಲಿ ಹೇಳಿದರು. ನಾನು ಮಾಡಿದ್ದೇ ಗುಣಾಕಾರ! ಒಂದೇ ತಾಯಿತಂದೆಯ ಮಕ್ಕಳು, ಒಂದೇ ಮನೆ. ಸ್ವತಂತ್ರ ಹೇಗಾದೀತು? 2001ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲ ಅಂತ ಬಹಿರಂಗವಾಗಿ ಹೇಳಿತು. ಕೋರ್ಟಿಗೆ ತಿಳಿಸದಿದ್ದ ವೈದ್ಯಕೀಯ ಪರೀಕ್ಷೆಯ ಫಲಿತಾಂಶ ಹೊರಬಂದ ಮೇಲೆ 2003ರಲ್ಲಿ ಆಕೆಗೆ ಆಗಿದ್ದ ಶಿಕ್ಷೆ ರದ್ದಾಯಿತು. ಅಷ್ಟರಲ್ಲಿ ಆಕೆ ಮೂರು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಕಳೆದಿದ್ದರು.

ನೀವು ಲೆಕ್ಕ ಮಾಡುವಾಗ ಎರಡನೇ ಸಂಖ್ಯೆ ಬರೆಯುವ ಮುಂಚೆ, "ಮೊದಲನೆಯದು ಆಗಿಹೋಗಿದೆ, ಈಗ?" ಅಂತ ಅದರ ಪಕ್ಕದಲ್ಲಿ ಪದಗಳಲ್ಲೇ ಬರೆಯಿರಿ. ಪರೀಕ್ಷೆಯಲ್ಲೂ ಬರೆಯಿರಿ. ನನ್ನ ನಕಲು ಈಗ ಬೇರೆ ಕಂಪನಿಯ ಡಿಸ್ಕ್‌ನಲ್ಲಿ, ಬೇರೆ ಊರಿನಲ್ಲಿದೆ.